ಬಟ್ಟೆಗೆ ಚುಚ್ಚದ ಹೆಣಿಗೆ: ಅರ್ಮೇನಿಯನ್ನರ ಮರಾಶ್ ಕಸೂತಿಯನ್ನು ಕಲಿಯುವ, ಉಳಿಸುವ ಕ್ರಮ

ಬ್ಲೌಸಿನ ತೋಳಿಗೂ ಬೆನ್ನಿಗೂ 'ಕಚ್ ವರ್ಕ್' ಹಾಕುವವರು ನಮ್ಮಲ್ಲಿ ಊರೂರಿಗೂ ಇದ್ದಾರೆ. ಮೊದಲು ಬೇಸ್ ಎಳೆ, ಅಂದರೆ ಅಡಿಯೆಳೆ, ಹಾಕಿಕೊಂಡು, ಆಮೇಲೆ ಬಟ್ಟೆಗೆ ಚುಚ್ಚದೆ ಆ ಎಳೆಗಳ ನಡುವೆಯೇ ದಾರ ಹೆಣೆಯುವ ಕೆಲಸ ಅದು. ಕಛ್‌ನಲ್ಲಿ ಇದನ್ನು ಸಿಂಧಿ ತಾರೋಪಾ ಎನ್ನುತ್ತಾರೆ. ಇದೇ ಕಟ್ಟಿನ ಹೆಣಿಗೆ ಸಾವಿರಾರು ಮೈಲಿ ಪಶ್ಚಿಮಕ್ಕೆ, ಇಂದಿನ ಟರ್ಕಿಯ ದಕ್ಷಿಣಕ್ಕಿರುವ ಸಿಲಿಸಿಯಾ ಸೀಮೆಯ ಮರಾಶ್ ಊರಿನ ಅರ್ಮೇನಿಯನ್ ಮನೆಗಳಲ್ಲೂ ಇತ್ತು. ಯಾರಿಂದ ಯಾರಿಗೆ ಹೋಯಿತು ಎಂಬ ವಾದಕ್ಕೆ ಹೊಲಿಗೆಯ ಹೋಲಿಕೆಯೊಂದೇ ಸಾಕ್ಷಿಯಾಗುವುದಿಲ್ಲ. ಆದರೆ ಕಚ್ ವರ್ಕ್ ಮಾಡಿದ ಕೈಗೆ ಮರಾಶ್ ಕೆಲಸ ಬೇಗ ಹತ್ತುತ್ತದೆ ಎಂಬುದು ಖಚಿತ.

ಅರ್ಮೇನಿಯನ್ ಭಾಷೆಯಲ್ಲಿ 'ಅಸೆಘ್' ಎಂದರೆ ಸೂಜಿ, 'ಗೊರ್ಟ್ಸ್' ಎಂದರೆ ಕೆಲಸ. ಸೂಜಿಗೆಲಸಕ್ಕೆ ಅವರಲ್ಲಿ ಊರಿಗೊಂದು ಹೆಸರು. ಮರಾಶ್‌ನದು ಹೆಣಿಗೆ. ಐಂತಾಬ್‌ನದು ಬಿಳಿ ಬಟ್ಟೆಯಿಂದ ಎಳೆ ಕಿತ್ತು, ಉಳಿದ ಎಳೆಗಳನ್ನು ಬಿಳಿ ದಾರದಲ್ಲಿ ಕಟ್ಟುವ ಜಾಲರಿ. ಒಟ್ಟೊಮನ್ ಸಾಮ್ರಾಜ್ಯದಲ್ಲಿ ನಡೆದ 1915ರ ಅರ್ಮೇನಿಯನ್ನರ ನರಮೇಧ ಮತ್ತು ಅದರ ಮುಂದಿನ ವರ್ಷಗಳಲ್ಲಿ ಈ ಊರುಗಳ ಅರ್ಮೇನಿಯನ್ನರು ಬೇರುಸಮೇತ ಕಿತ್ತುಹೋದರು. 1920ರ ಫೆಬ್ರವರಿಯಲ್ಲಿ ಫ್ರೆಂಚ್ ಸೇನೆ ಮರಾಶ್‌ನಿಂದ ಹಿಂದೆ ಸರಿದಾಗ ಬದುಕುಳಿದಿದ್ದವರಲ್ಲಿ ಸಾವಿರಾರು ಜನ ಹಿಮದಲ್ಲಿ ನಡೆದು ಹೊರಟರು. ಕಸೂತಿ ಅವರೊಂದಿಗೆ ಅಲೆಪ್ಪೊ, ಬೈರೂತ್, ಆಮೇಲೆ ಅಮೆರಿಕ ಸೇರಿತು. ನಿಯರ್ ಈಸ್ಟ್ ರಿಲೀಫ್‌ನಂಥ ಪರಿಹಾರ ಸಂಸ್ಥೆಗಳ ಆಶ್ರಯದಲ್ಲಿದ್ದ ಹೆಂಗಸರು ಮತ್ತು ಅನಾಥ ಹೆಣ್ಣುಮಕ್ಕಳಿಗೆ ಇದು ಅನ್ನದ ದಾರಿಯೂ ಆಯಿತು. ಹೀಗೆ ಊರು ಹೋಗಿ ಕೆಲಸ ಉಳಿದ ಕಲೆಗೆ ಒಂದು ತೊಡಕಿದೆ. ಮುಗಿದ ತುಂಡು ನೋಡಿದರೆ ದಾರ ಎಲ್ಲಿಂದ ಹೊರಟು ಎಲ್ಲಿಗೆ ಹೋಯಿತೆಂದು ತಿಳಿಯುವುದಿಲ್ಲ. ಚಿತ್ರ ನೋಡಿ ರೂಪ ನಕಲು ಮಾಡಬಹುದು, ಕಟ್ಟು ನಕಲಾಗುವುದಿಲ್ಲ. ಹಾಗಾಗಿ ಉಳಿಸಬೇಕಾದದ್ದು ಮುಖ್ಯವಾಗಿ ದಾರದ ಹಾದಿ. ಈ ಲೇಖನ ಅದನ್ನೇ ಹಿಡಿದು ಹೋಗುತ್ತದೆ.

ಹುಡುಕುವಾಗ ಮೊದಲು ತಪ್ಪುವ ಕಡೆ

ಅಂತರ್ಜಾಲದಲ್ಲಿ 'ಮರಾಶ್ ಕೆಲಸ' ಎಂದು ಟರ್ಕಿ ಭಾಷೆಯಲ್ಲಿ ಹುಡುಕಿದರೆ ಹೆಚ್ಚಾಗಿ ಸಿಗುವುದು ಮಖಮಲ್ಲಿನ ಮೇಲಿನ ಜರಿ ಕೆಲಸ. ರಟ್ಟಿನ ಆಕಾರ ಕತ್ತರಿಸಿಟ್ಟು ಅದರ ಮೇಲೆ ಚಿನ್ನದ ಬಣ್ಣದ ದಾರ ಹಾಸಿ, ಕೆಳಗಿನಿಂದ ಇನ್ನೊಂದು ದಾರದಲ್ಲಿ ಹಿಡಿಯುವ ಆ ವಿಧಾನಕ್ಕೆ ದಿವಾಲ್ ಎಂದು ಹೆಸರು. ಅದೂ ಅದೇ ಊರಿನ ಕಲೆಯೇ, ಆದರೆ ನಾವು ಹೇಳುತ್ತಿರುವುದು ಅದಲ್ಲ. ಅರ್ಮೇನಿಯನ್ ಮರಾಶ್ ಹೆಣಿಗೆಯಲ್ಲಿ ರಟ್ಟೂ ಇಲ್ಲ, ಜರಿಯೂ ಬೇಕಿಲ್ಲ. ಗಾಢ ಬಣ್ಣದ ಉಣ್ಣೆ, ಮಖಮಲ್ ಅಥವಾ ಹತ್ತಿ ಬಟ್ಟೆಯ ಮೇಲೆ ದಪ್ಪ ಹುರಿದಾರದ ಶಿಲುಬೆ, ನಕ್ಷತ್ರ, ಹೂಚಕ್ರ. ಒಂದಕ್ಕೊಂದು ಹೆಣೆದುಕೊಂಡು ಬಟ್ಟೆಯಿಂದ ತುಸು ಮೇಲೆದ್ದು ನಿಂತಿರುತ್ತವೆ.

ನಿಜವಾದ ಹಳೆಯ ತುಂಡುಗಳನ್ನು ನೋಡಬೇಕಾದರೆ ಅಮೆರಿಕದ ಮ್ಯಾಸಚೂಸೆಟ್ಸ್‌ನ ವಾಟರ್‌ಟೌನ್‌ನಲ್ಲಿರುವ ಅರ್ಮೇನಿಯನ್ ಮ್ಯೂಸಿಯಂ ಆಫ್ ಅಮೆರಿಕ, ಯೆರೆವಾನ್‌ನ ಹಿಸ್ಟರಿ ಮ್ಯೂಸಿಯಂ ಆಫ್ ಅರ್ಮೇನಿಯ, ಸರ್ದಾರಾಪಾತ್‌ನ ಜನಾಂಗ ಅಧ್ಯಯನ ವಸ್ತುಸಂಗ್ರಹಾಲಯ, ಇವು ಮೂರು ಒಳ್ಳೆಯ ಮೊದಲ ಬಾಗಿಲುಗಳು.

ಸಾಮಾನು

ಬಟ್ಟೆ: ಕಲಿಯುವಾಗ ಮಖಮಲ್ ಬೇಡ. ಗುರುತು ಅದರ ರೋಮದೊಳಗೆ ಮುಳುಗಿಹೋಗುತ್ತದೆ. ಒತ್ತಾಗಿ ನೇಯ್ದ ಹತ್ತಿ, ಕೇಸ್‌ಮೆಂಟ್ ಅಥವಾ ದಪ್ಪ ಖಾದಿ ಆಗುತ್ತದೆ. ಕಡುನೀಲಿ, ಕಡುಗೆಂಪು, ಕಪ್ಪು ಹಸಿರು, ಯಾವುದಾದರೂ ಸರಿ. ಹಿಗ್ಗುವ ಬಟ್ಟೆ ಖಂಡಿತ ಬೇಡ. ಒಗೆದು, ಒಣಗಿಸಿ, ಇಸ್ತ್ರಿ ಮಾಡಿಯೇ ಶುರುಮಾಡಿ. ಹೆಣೆದ ಮೇಲೆ ಬಟ್ಟೆ ಕುಗ್ಗಿದರೆ ಎಳೆಗಳು ಜೋಲುಬೀಳುತ್ತವೆ, ಆಮೇಲೆ ಸರಿಪಡಿಸುವ ದಾರಿ ಇಲ್ಲ.

ದಾರ: ಆರೆಳೆಯಾಗಿ ಬಿಡಿಸಬಹುದಾದ ಸಾಮಾನ್ಯ ಕಸೂತಿ ದಾರಕ್ಕಿಂತ ಹುರಿಗಟ್ಟಿದ ಪರ್ಲ್ ಕಾಟನ್ ಉತ್ತಮ. ಬಿಡಿ ಎಳೆಯ ದಾರದಲ್ಲಿ ಹೆಣೆಯುವ ಸೂಜಿ ಅಡಿಯೆಳೆಯನ್ನು ಸೀಳಿಕೊಂಡು ಹೋಗುತ್ತದೆ, ಅಲ್ಲಿಗೆ ಹೆಣಿಗೆಯ ನಯ ಹೋಯಿತು. 5ನೇ ನಂಬರಿನದು ದಪ್ಪ, 8ನೇ ನಂಬರಿನದು ಸಣ್ಣ. ಮೊದಲ ತುಂಡಿಗೆ 5 ಇರಲಿ. ಅಡಿಯೆಳೆಗೊಂದು ಬಣ್ಣ, ಹೆಣೆಯುವುದಕ್ಕೆ ಇನ್ನೊಂದು ಬಣ್ಣ ತೆಗೆದುಕೊಳ್ಳಿ. ನಂತರ ಎರಡಕ್ಕೂ ಒಂದೇ ಬಣ್ಣ ಹಾಕಬಹುದು, ಆದರೆ ಕಲಿಯುವಾಗ ಹಾಗೆ ಮಾಡಿದರೆ ಎಲ್ಲಿ ತಪ್ಪಿತೆಂದು ಕಣ್ಣಿಗೆ ಗೊತ್ತಾಗುವುದಿಲ್ಲ.

ಸೂಜಿ ಎರಡು. ಅಡಿಯೆಳೆಗೆ ಚೂಪು ಮೊನೆಯ ಕಸೂತಿ ಸೂಜಿ, ಹೆಣೆಯಲು ಮೊಂಡು ಮೊನೆಯ 24ನೇ ನಂಬರಿನ ಟೇಪೆಸ್ಟ್ರಿ ಸೂಜಿ. ಮೊಂಡು ಸೂಜಿ ಇಲ್ಲದಿದ್ದರೆ ಚೂಪು ಸೂಜಿಯನ್ನೇ ತಿರುಗಿಸಿ, ಕಣ್ಣಿನ ಕಡೆಯನ್ನು ಮುಂದೆ ಮಾಡಿ ನುಗ್ಗಿಸಬಹುದು. ಜೊತೆಗೆ 15 ಸೆಂಟಿಮೀಟರಿನ ಮರದ ರಿಂಗ್, ಸ್ಕೇಲು, ಚೌಕುಳಿ ಕಾಗದ.

ಗುರುತು ಹಾಕಲು ದರ್ಜಿ ಚಾಕ್ ಅಥವಾ ಬಿಳಿ ಪೆನ್ಸಿಲ್ ಸಾಕು. ಇಸ್ತ್ರಿಯ ಬಿಸಿಗೆ ಮಾಯವಾಗುವ ಪೆನ್ನನ್ನು ನಂಬಬೇಡಿ. ಗಾಢ ಬಟ್ಟೆಯಲ್ಲಿ ಅದರ ಮಬ್ಬು ಕಲೆ ಉಳಿಯುತ್ತದೆ, ಕೊರೆಯುವ ಚಳಿಗೆ ಸಿಕ್ಕರೆ ಗೀಟು ಮತ್ತೆ ಮೂಡುತ್ತದೆ. ಚಳಿಗಾಲದಲ್ಲಿ ಅಮೆರಿಕಕ್ಕೆ ಪಾರ್ಸೆಲ್ ಕಳಿಸುವವರು ಇದನ್ನು ನೆನಪಿಡಬೇಕು.

ಮೊದಲ ಪಾಠ: ಎಂಟು ಚುಕ್ಕಿಯ ಗಂಟು

ದೊಡ್ಡ ಶಿಲುಬೆಗೆ ನೇರ ಕೈಹಾಕಿದವರು ಅರ್ಧಕ್ಕೇ ಬಿಡುತ್ತಾರೆ. ಈ ಹೆಣಿಗೆಯ ತತ್ವವೆಲ್ಲ ಅಡಗಿರುವ ಅತಿ ಚಿಕ್ಕ ಘಟಕ ನಾಲ್ಕೇ ಎಳೆಯದು. ಅದನ್ನು ಹತ್ತು ಸಲ ಹಾಕಿದ ಮೇಲೆ ಮುಂದೆ ಹೋಗುವುದು ಲೇಸು.

ಅರ್ಧ ಸೆಂಟಿಮೀಟರ್ ಚೌಕುಳಿಯಲ್ಲಿ ಆರು ಮನೆ ಅಗಲ, ಆರು ಮನೆ ಎತ್ತರದ ಚೌಕ ಬರೆಯಿರಿ, ಅಂದರೆ 3 ಸೆಂಟಿಮೀಟರ್. ಪ್ರತಿ ಬದಿಯ ನಡುಮಧ್ಯದಿಂದ ಆಚೆಗೊಂದು ಮನೆ, ಈಚೆಗೊಂದು ಮನೆ ಬಿಟ್ಟು ಎರಡು ಚುಕ್ಕಿ ಇಡಿ. ನಾಲ್ಕು ಬದಿಗೆ ಎಂಟು ಚುಕ್ಕಿ. ಮೇಲಿನ ಬದಿಯ ಎಡ ಚುಕ್ಕಿಯಿಂದ ಶುರುಮಾಡಿ ಗಡಿಯಾರದ ಮುಳ್ಳಿನಂತೆ ಎಣಿಸಿ: ಮೇಲೆ 1, 2, ಬಲಕ್ಕೆ 3, 4, ಕೆಳಗೆ ಬಲದಿಂದ ಎಡಕ್ಕೆ 5, 6, ಎಡಕ್ಕೆ ಕೆಳಗಿನಿಂದ ಮೇಲಕ್ಕೆ 7, 8. ಚುಕ್ಕಿಗಳನ್ನು ಬಟ್ಟೆಗೆ ಇಳಿಸಿ, ಬಟ್ಟೆಯನ್ನು ರಿಂಗಿನಲ್ಲಿ ಬಿಗಿಯಾಗಿ ಕೂರಿಸಿ.

ಅಡಿಯೆಳೆಗೆ 40 ಸೆಂಟಿಮೀಟರ್ ದಾರ ಸಾಕು. ಗಂಟು ಹಾಕಬೇಡಿ, ಹಿಂಬದಿಯಲ್ಲಿ 8 ಸೆಂಟಿಮೀಟರ್ ದಾರದ ತುದಿ ಬಿಡಿ.

1. ಸೂಜಿ 1ರಲ್ಲಿ ಮೇಲೆ ಬಂದು 4ರಲ್ಲಿ ಇಳಿಯಲಿ. ಇದು ಮೊದಲ ಓರೆ ಎಳೆ.

2. ಹಿಂಬದಿಯಲ್ಲಿ ಪುಟ್ಟ ಹೆಜ್ಜೆಯಿಟ್ಟು 3ರಲ್ಲಿ ಮೇಲೆ ಬನ್ನಿ. 6ಕ್ಕೆ ಹೋಗುವ ಮೊದಲು 1–4 ಎಳೆಯ ಅಡಿಯಿಂದ ಸೂಜಿ ಜಾರಿಸಿ. ಆಮೇಲೆ 6ರಲ್ಲಿ ಇಳಿಯಿರಿ.

3. 5ರಲ್ಲಿ ಮೇಲೆ. 3–6ರ ಅಡಿಯಿಂದ ಜಾರಿಸಿ 8ರಲ್ಲಿ ಕೆಳಗೆ.

4. 7ರಲ್ಲಿ ಮೇಲೆ. 5–8ರ ಅಡಿಯಿಂದ ಜಾರಿಸಿ, ಕೊನೆಗೆ ಸಿಗುವ 1–4ರ ಮೇಲೆ ಹಾದು, 2ರಲ್ಲಿ ಕೆಳಗೆ.

ಈಗ ನಿಂತಿರುವುದು ಓರೆಯಾಗಿ ಕೂತ ಚೌಕ. ಅದರ ನಾಲ್ಕು ಮೂಲೆಯಲ್ಲೂ ಎಳೆಗಳು ಒಂದನ್ನೊಂದು ದಾಟಿ ಹೊರಗೆ ಚಾಚಿಕೊಂಡಿವೆ. ಈ ಚಾಚಿಗೆ ಬಾಲ ಎನ್ನೋಣ. ಪರೀಕ್ಷೆ ಸುಲಭ: ಪ್ರತಿ ಎಳೆಯೂ ತಾನು ಹೊರಟ ಕಡೆಯ ಮೂಲೆಯಲ್ಲಿ ಅಡಿಗಿರಬೇಕು, ಸೇರಿದ ಕಡೆಯ ಮೂಲೆಯಲ್ಲಿ ಮೇಲಿರಬೇಕು. ಒಂದು ಮೂಲೆ ತಪ್ಪಿದ್ದರೂ ಹೆಣಿಗೆ ಕೂಡಿಬರುವುದಿಲ್ಲ. ಎಳೆಯ ಬಿಗಿತ ನೋಡಲು ಸೂಜಿಯಿಂದ ಅದರ ನಡುವನ್ನು ಎತ್ತಿ. ಒಂದೆರಡು ಮಿಲಿಮೀಟರ್ ಏಳಬೇಕು. ಒಂದಿಷ್ಟೂ ಏಳದಿದ್ದರೆ ಬಿಗಿ ಜಾಸ್ತಿಯಾಯಿತು. ಹೆಣೆಯುವ ದಾರಕ್ಕೆ ಜಾಗ ಬೇಕಲ್ಲ.

ಹಿಂಬದಿ ತಿರುಗಿಸಿ ನೋಡಿದರೆ ಮೂರೇ ಪುಟ್ಟ ಹೊಲಿಗೆ ಕಾಣುತ್ತವೆ: 4–3, 6–5, 8–7. ಮೇಲಿನ ತುದಿಯಲ್ಲಿ ಮಾತ್ರ ಹೊಲಿಗೆ ಇಲ್ಲ, ಏಕೆಂದರೆ ದಾರ ಅಲ್ಲೇ ಹುಟ್ಟಿ ಅಲ್ಲೇ ಮುಗಿದಿದೆ. ಹಿಂಬದಿಯಲ್ಲಿ ಉಳಿದ ದಾರದ ಎರಡೂ ತುದಿಗಳನ್ನು 1 ಮತ್ತು 2ರ ನಡುವೆ ಎದುರುಬದುರಾಗಿ ಹಾಯಿಸಿ ಬಟ್ಟೆಯ ಒಂದೆರಡು ಎಳೆಗೆ ಸಿಕ್ಕಿಸಿ ಕತ್ತರಿಸಿ. ಇದನ್ನು ಉಪೇಕ್ಷಿಸಿದರೆ ಮೊದಲ ಒಗೆತಕ್ಕೇ ಮೇಲಿನ ತುದಿ ಸಡಿಲಾಗುತ್ತದೆ.

ಇನ್ನು ಹೆಣಿಗೆ. ಎರಡನೇ ಬಣ್ಣದ 40 ಸೆಂಟಿಮೀಟರ್ ದಾರವನ್ನು ಮೊಂಡು ಸೂಜಿಗೆ ಪೋಣಿಸಿ. ಓರೆ ಚೌಕದ ಒಳಗೆ, ಮೇಲಿನ ಮೂಲೆಯ ಹತ್ತಿರ, 7–2 ಎಳೆಯ ಪಕ್ಕದಲ್ಲಿ ಮೇಲೆ ಬನ್ನಿ. ಇಲ್ಲಿಂದ ಮುಗಿಯುವತನಕ ಸೂಜಿ ಬಟ್ಟೆಯನ್ನು ಮುಟ್ಟುವಂತಿಲ್ಲ.

ಮೇಲಿನ ಮೂಲೆ: 7–2 ಎಳೆಯ ಮೇಲೆ ಹಾದು ಹೊರಗೆ, 1ರ ಬಾಲದ ಅಡಿಗೆ, 2ರ ಬಾಲದ ಮೇಲೆ, 1–4 ಎಳೆಯ ಅಡಿಯಿಂದ ಮತ್ತೆ ಒಳಗೆ.

ಬಲ ಮೂಲೆ: ಅದೇ 1–4ನ್ನು ಮುಂದೆ ಬಲ ಮೂಲೆಯ ಸಮೀಪ ಮೇಲಿನಿಂದ ದಾಟಿ ಹೊರಗೆ, 3ರ ಬಾಲದ ಅಡಿಗೆ, 4ರ ಬಾಲದ ಮೇಲೆ, 3–6ರ ಅಡಿಯಿಂದ ಒಳಗೆ.

ಕೆಳಗಿನ ಮೂಲೆ: 3–6ರ ಮೇಲೆ, 5ರ ಬಾಲದ ಅಡಿಗೆ, 6ರ ಬಾಲದ ಮೇಲೆ, 5–8ರ ಅಡಿಯಿಂದ ಒಳಗೆ.

ಎಡ ಮೂಲೆ: 5–8ರ ಮೇಲೆ, 7ರ ಬಾಲದ ಅಡಿಗೆ, 8ರ ಬಾಲದ ಮೇಲೆ, 7–2ರ ಅಡಿಯಿಂದ ಒಳಗೆ. ಹೊರಟ ತೂತಿನಲ್ಲೇ ಇಳಿಯಿರಿ.

ಒಟ್ಟು ಹದಿನಾರು ದಾಟು: ಮೇಲೊಂದು, ಅಡಿಗೊಂದು, ಮೇಲೊಂದು, ಅಡಿಗೊಂದು. ಎಲ್ಲಿಯೂ ಎರಡು ಮೇಲೆ ಒಟ್ಟಿಗೆ ಬರಕೂಡದು. ಬಂದರೆ ತಪ್ಪು ಇರುವುದು ಬಹುಪಾಲು ಅಲ್ಲಲ್ಲ, ಅದಕ್ಕೆ ಎರಡು ಮೂರು ದಾಟು ಹಿಂದೆ. ಇನ್ನೊಂದು ಸಾಧ್ಯತೆ ಎಂದರೆ ಅಡಿಯೆಳೆಯ ಮೂಲೆಯೇ ತಪ್ಪಿರುವುದು. ಆಗ ಹೆಣಿಗೆ ಎಷ್ಟು ಸಲ ಬಿಚ್ಚಿ ಹಾಕಿದರೂ ಸುಖವಿಲ್ಲ, ಅಡಿಯೆಳೆಯನ್ನೇ ಕೀಳಬೇಕು. ಬಿಚ್ಚುವಾಗ ದಾರ ಎಳೆಯಬೇಡಿ. ಸೂಜಿಯ ಕಣ್ಣಿನಿಂದ ಒಂದೊಂದೇ ಕುಣಿಕೆ ಎತ್ತಿ ಹಿಂದಕ್ಕೆ ತನ್ನಿ.

ಪ್ರತಿ ಮೂಲೆ ಸುತ್ತಿದ ಮೇಲೆ ದಾರವನ್ನು ಒಮ್ಮೆ ಮೆಲ್ಲಗೆ ಎಳೆದು ಕೂರಿಸಿ. ಎಲ್ಲ ಮುಗಿದ ಮೇಲೆ ಒಟ್ಟಿಗೆ ಎಳೆದರೆ ಸಡಿಲವೆಲ್ಲ ಕೊನೆಯ ಮೂಲೆಗೆ ಬಂದು ಸೇರುತ್ತದೆ. ಮೂರು ಮೂಲೆ ಸಪೂರ, ಒಂದು ಮೂಲೆ ಊದಿಕೊಂಡ ಗಂಟು ಕಂಡರೆ ಕಾರಣ ಇದೇ.

ಅರ್ಧ ಸೆಂಟಿಮೀಟರ್ ಮನೆಯಲ್ಲಿ ಹಾಕಿದ್ದು ಬಿಡುಬಿಡುವಾಗಿ ಕಾಣುತ್ತದೆ. ಅದು ಹಾದಿ ಕಾಣಲೆಂದು. ಕೈ ಪಳಗಿದ ಮೇಲೆ 5ನೇ ನಂಬರಿನ ದಾರಕ್ಕೆ 3 ಮಿಲಿಮೀಟರ್ ಮನೆ ಇಟ್ಟುಕೊಳ್ಳಿ, 8ನೇ ನಂಬರಿಗೆ ಇನ್ನೂ ಕಿರಿದು. ಹಳೆಯ ಮರಾಶ್ ತುಂಡುಗಳ ಚೆಲುವೇ ಆ ಒತ್ತು. ಘಟಕಗಳನ್ನು ಸಾಲಾಗಿ ಹಾಕುವಾಗ ಒಂದರ ಬಲ ತುದಿಯೂ ಇನ್ನೊಂದರ ಎಡ ತುದಿಯೂ ಒಂದೇ ತೂತಿಗೆ ಬೀಳದಂತೆ ನಡುವೆ ಒಂದು ಮನೆ ಬಿಡಿ. ಒಂದೇ ತೂತಿನಲ್ಲಿ ಎರಡು ಘಟಕಗಳ ದಾರ ತುರುಕಿದರೆ ಬಟ್ಟೆ ಹರಿಯುತ್ತದೆ.

ಎರಡನೇ ಪಾಠ: ಪಟ್ಟಿ

ಬಿಡಿ ಘಟಕಗಳನ್ನು ಎಷ್ಟು ಜೋಡಿಸಿದರೂ ಹೆಂಚು ಹಾಸಿದಂತೆಯೇ ಕಾಣುತ್ತವೆ. ಮರಾಶ್ ಕೆಲಸದ ಜೀವ ಇರುವುದು ದಾರ ಒಂದರಿಂದ ಇನ್ನೊಂದಕ್ಕೆ ಹರಿಯುವುದರಲ್ಲಿ. ಅದಕ್ಕೆ ಮೊದಲ ಮೆಟ್ಟಿಲು ಜೋಡಿ ಹೆರಿಂಗ್‌ಬೋನ್ ಪಟ್ಟಿ, ಅಂದರೆ ಓರೆ ಎಳೆಗಳು ತುದಿಯ ಹತ್ತಿರ ಒಂದನ್ನೊಂದು ದಾಟುತ್ತಾ ಸಾಗುವ ಹೊಲಿಗೆಯ ಎರಡು ಸಾಲು.

ಮೂರು ಮನೆ ಅಂತರದಲ್ಲಿ ಎರಡು ಅಡ್ಡಗೀಟು ಎಳೆಯಿರಿ. ಎರಡರಲ್ಲೂ ಪ್ರತಿ ಮನೆಗೆ ಒಂದು ಚುಕ್ಕಿ ಇಟ್ಟು, ಎಡದಿಂದ 0, 1, 2, 3 ಎಂದು ಎಣಿಸಿ. ಬಲಕ್ಕೆ ಒರಗಿ ಮೇಲೇರುವ ಎಳೆಗೆ ಏರು, ಇಳಿಯುವುದಕ್ಕೆ ಇಳಿ ಎನ್ನೋಣ.

ಮೊದಲ ಸಾಲು: ಕೆಳಗೆ (ಕೆಳಗೀಟಿನ) 0ಯಿಂದ ಮೇಲೆ (ಮೇಲ್ಗೀಟಿನ) 3ಕ್ಕೆ ಏರು. ಹಿಂದೆ ಒಂದು ಮನೆ ಸರಿದು ಮೇಲೆ 2ರಲ್ಲಿ ಬನ್ನಿ. ಈಗ ತಾನೇ ಹಾಕಿದ ಏರಿನ ಅಡಿಯಿಂದ ಜಾರಿಸಿ ಕೆಳಗೆ 5ಕ್ಕೆ ಇಳಿ. ಹಿಂದೆ ಸರಿದು ಕೆಳಗೆ 4ರಲ್ಲಿ ಬಂದು, ಹಿಂದಿನ ಇಳಿಯ ಮೇಲೆ ಹಾದು ಮೇಲೆ 7ಕ್ಕೆ ಏರು. ಹೀಗೇ ಮುಂದಕ್ಕೆ. ಸಾಮಾನ್ಯ ಹೆರಿಂಗ್‌ಬೋನ್‌ಗೂ ಇದಕ್ಕೂ ವ್ಯತ್ಯಾಸ ಒಂದೇ: ಅಲ್ಲಿ ಹೊಸ ಎಳೆ ಯಾವಾಗಲೂ ಹಳೆಯದರ ಮೇಲೆ ಬೀಳುತ್ತದೆ, ಇಲ್ಲಿ ಇಳಿ ಎಳೆ ಪ್ರತಿ ಸಲ ಏರಿನ ಅಡಿಗೆ ಹೋಗುತ್ತದೆ. ಅಭ್ಯಾಸಬಲದಿಂದ ಕೈ ಇದನ್ನು ಮರೆಯುತ್ತದೆ. ಪಟ್ಟಿ ಕೆಡುವುದು ಇಲ್ಲೇ.

ಎರಡನೇ ಸಾಲು: ಮೇಲೆ 0ಯಿಂದ ಶುರು. ಮೊದಲ ಸಾಲಿನ ಏರಿನ ಮೇಲೆ ಹಾದು ಕೆಳಗೆ 3ಕ್ಕೆ ಇಳಿ. ಕೆಳಗೆ 2ರಲ್ಲಿ ಬಂದು ಏರುವಾಗ, ತನ್ನ ಸಾಲಿನ ಇಳಿಯ ಮೇಲೆ ಹಾದು, ನಡುವಿನಲ್ಲಿ ಮೊದಲ ಸಾಲಿನ ಇಳಿಯ ಅಡಿಯಿಂದ ಜಾರಿ, ಮೇಲೆ 5 ಸೇರಿ. ಮೇಲೆ 4ರಲ್ಲಿ ಬಂದು ಇಳಿಯುವಾಗ ತನ್ನ ಸಾಲಿನ ಏರಿನ ಅಡಿಗೆ, ನಡುವಿನಲ್ಲಿ ಮೊದಲ ಸಾಲಿನ ಏರಿನ ಮೇಲೆ, ಕೆಳಗೆ 7ಕ್ಕೆ. ಇದನ್ನೇ ಮುಂದುವರಿಸಿ. ಸರಿಯಾಗಿ ಬಂದಿದ್ದರೆ ಮೇಲಂಚು, ನಡು, ಕೆಳಂಚು ಎಂದು ಮೂರು ಸಾಲು ಅಡ್ಡದಾಟುಗಳು ಕಾಣುತ್ತವೆ. ಯಾವುದೇ ಎಳೆಯನ್ನು ಹಿಡಿದು ನೋಡಿದರೂ ಮೂರು ದಾಟಿನಲ್ಲಿ ಅದು ಮೇಲೆ ಕೆಳಗೆ ಬದಲಾಗುತ್ತಾ ಹೋಗಿರುತ್ತದೆ. ಜಾಲರಿ ಬುಟ್ಟಿ ಹೆಣೆದಂತಿರಬೇಕು.

ಹೆಣೆಯುವ ದಾರ ಎಡ ತುದಿಯ ನಡುವಿನಿಂದ ಹೊರಟು ಮೇಲಂಚಿನ ಒಂದೊಂದು ದಾಟನ್ನೂ ಸುತ್ತುತ್ತಾ ಬಲಕ್ಕೆ ಹೋಗುತ್ತದೆ. ಬಲ ತುದಿಯಲ್ಲಿ ತಿರುಗಿ ಕೆಳಂಚಿನ ದಾಟುಗಳನ್ನು ಸುತ್ತುತ್ತಾ, ನಡುವಿನಲ್ಲಿ ಮೇಲಿನ ಸುತ್ತಿಗೆ ಕೊಂಡಿ ಹಾಕಿಕೊಳ್ಳುತ್ತಾ ಎಡಕ್ಕೆ ಮರಳುತ್ತದೆ. ನಿಯಮ ಹಳೆಯದೇ: ಮೇಲೊಂದು, ಅಡಿಗೊಂದು. ತನ್ನದೇ ದಾರ ಅಡ್ಡ ಸಿಕ್ಕರೂ ಅದನ್ನೂ ಒಂದು ಎಳೆಯೆಂದೇ ಎಣಿಸಬೇಕು. ನಡುದಾರಿಯಲ್ಲಿ ದಾರ ಮುಗಿದರೆ ನೋಡಲು ಚೆನ್ನಾಗಿರುವುದಿಲ್ಲ, ಹಾಗಾಗಿ ಲೆಕ್ಕ ಮೊದಲೇ ಇರಲಿ. ಅಡಿಯೆಳೆಗೆ ಪಟ್ಟಿಯ ಉದ್ದದ ಸುಮಾರು ಐದೂವರೆ ಪಟ್ಟು ಹೋಗುತ್ತದೆ. ಹೆಣಿಗೆಗೆ ಅದಕ್ಕಿಂತ ತುಸು ಹೆಚ್ಚೇ ಹಿಡಿಯಿರಿ. 10 ಸೆಂಟಿಮೀಟರ್ ಪಟ್ಟಿಗೆ ಒಂದೊಂದಕ್ಕೂ ಒಂದೊಂದು ಮೀಟರ್ ಕತ್ತರಿಸಿಕೊಂಡರೆ ಸಾಕು. ಅದಕ್ಕಿಂತ ಉದ್ದದ ದಾರ ಹುರಿ ಬಿಚ್ಚಿಕೊಂಡು ರೋಮ ಏಳುತ್ತದೆ.

ಶಿಲುಬೆಯೂ ನಕ್ಷತ್ರವೂ ಈ ಪಟ್ಟಿಯನ್ನು ಮೂಲೆಯಲ್ಲಿ ತಿರುಗಿಸಿ, ತನ್ನೊಳಗೆ ತಾನೇ ದಾಟಿಸಿದಾಗ ಬರುವಂಥವು. ಅವಕ್ಕೆ ಇಳಿಯುವ ಮೊದಲು ಚೌಕುಳಿ ಕಾಗದದಲ್ಲಿ ಪೆನ್ಸಿಲಿನಿಂದ ಅಡಿಯೆಳೆ ಬರೆದು, ಪ್ರತಿ ದಾಟಿನಲ್ಲೂ ಅಡಿಗೆ ಹೋಗುವ ಗೀಟನ್ನು ರಬ್ಬರಿನಿಂದ ಒಂದಿಷ್ಟು ಅಳಿಸಿ. ಕಾಗದದ ಮೇಲೆ ಮೇಲೊಂದು ಕೆಳಗೊಂದು ಕೂಡಿಬರದ ವಿನ್ಯಾಸ ಬಟ್ಟೆಯ ಮೇಲೆ ಎಂದೂ ಕೂಡಿಬರುವುದಿಲ್ಲ.

ಮಖಮಲ್ ಮೇಲೆ ಹಾಕಲೇಬೇಕೆಂದರೆ ತೆಳು ಟಿಶ್ಯೂ ಕಾಗದದಲ್ಲಿ ಚುಕ್ಕಿ ಬರೆದು ಬಟ್ಟೆಗೆ ತಾತ್ಕಾಲಿಕ ಟಾಕು ಹಾಕಿ. ಕಾಗದದ ಮೂಲಕವೇ ಅಡಿಯೆಳೆ ಹೊಲಿದು, ಹೆಣಿಗೆಗೆ ಮೊದಲು ಕಾಗದ ಹರಿದು ತೆಗೆಯಿರಿ. ಹೆಣೆದ ಮೇಲೆ ತೆಗೆಯುತ್ತೇನೆಂದರೆ ಚೂರುಗಳು ಒಳಗೇ ಉಳಿಯುತ್ತವೆ. ಯಾವ ಬಟ್ಟೆಯೇ ಆಗಲಿ, ಇಸ್ತ್ರಿ ಮಾಡುವಾಗ ದಪ್ಪ ಟವೆಲ್ಲಿನ ಮೇಲೆ ಕಸೂತಿ ಮುಖವನ್ನು ಕೆಳಗೆ ಮಾಡಿ, ಹಿಂಬದಿಯಿಂದ ಹಬೆ ಕೊಡಿ, ಒತ್ತಬೇಡಿ.

ಹಳೆಯ ತುಂಡು ಕೈಗೆ ಬಂದಾಗ

ಹೊಸದು ಹಾಕುವುದರಷ್ಟೇ ತೂಕದ ಕೆಲಸ ಹಳೆಯದನ್ನು ಓದುವುದು. ಮೊದಲ ಮಾತು: ಒಗೆಯಬೇಡಿ. ಹಳೆಯ ಕೆಂಪು, ಕಪ್ಪು ಬಣ್ಣಗಳು ನೀರು ತಾಗಿದರೆ ಹರಡಬಹುದು. ಬಣ್ಣ ಬಿಡುತ್ತದೆಯೇ ನೋಡಲು ಹಿಂಬದಿಯ ಮೂಲೆಯೊಂದಕ್ಕೆ ಒದ್ದೆ ಮಾಡಿದ ಬಿಳಿ ಹತ್ತಿಯನ್ನು ಅರೆನಿಮಿಷ ಒತ್ತಿ ನೋಡಬಹುದು. ಬಣ್ಣ ಹತ್ತದಿದ್ದರೂ ಒಗೆಯಲು ಅದೇ ಅಪ್ಪಣೆಯಲ್ಲ. ಧೂಳಿಗೆ ಬಲೆ ಬಟ್ಟೆ ಹೊದಿಸಿ, ಕಡಿಮೆ ಸೆಳೆತದ ವ್ಯಾಕ್ಯೂಮ್ ಅದರ ಮೇಲಿಂದ ಆಡಿಸಿದರೆ ಸಾಕು.

ಫೋಟೊ ತೆಗೆಯುವಾಗ ಮುಂಬದಿಯ ಒಂದಕ್ಕೆ ಹಿಂಬದಿಯ ಎರಡು ಇರಲಿ. ಮುಂಬದಿ ಸುಂದರ, ಆದರೆ ಗುಟ್ಟು ಬಿಡುವುದು ಹಿಂಬದಿ. ಹೆಣಿಗೆ ಬಟ್ಟೆಗೆ ಚುಚ್ಚುವುದಿಲ್ಲವಾದ್ದರಿಂದ ಹಿಂದೆ ಕಾಣುವ ಪುಟ್ಟ ಹೊಲಿಗೆಗಳೆಲ್ಲ ಅಡಿಯೆಳೆಯ ತುದಿಗಳು. ಅವುಗಳ ಜಾಗವನ್ನು ಪಾರದರ್ಶಕ ಹಾಳೆಯ ಮೇಲೆ ಚುಕ್ಕಿಯಾಗಿ ಇಳಿಸಿಕೊಂಡರೆ ಇಡೀ ವಿನ್ಯಾಸದ ಚುಕ್ಕಿನಕ್ಷೆ ಸಿಕ್ಕಂತೆಯೇ. ದಾರ ಹರಿದು ಹೆಣಿಗೆ ಕಳಚಿದ ಕಡೆಯಿದ್ದರೆ ಅದನ್ನು ರಿಪೇರಿ ಮಾಡುವ ಮೊದಲು ಹತ್ತಿರದಿಂದ ಚಿತ್ರ ತೆಗೆಯಿರಿ. ಅಡಿಯೆಳೆ ಬೆತ್ತಲಾಗಿ ಕಾಣುವುದು ಅಲ್ಲೊಂದೇ ಕಡೆ. ಪ್ರತಿ ಚಿತ್ರದಲ್ಲೂ ಸ್ಕೇಲು ಇರಬೇಕು. ನಾಣ್ಯ ಇಡುವ ರೂಢಿ ಬಿಡಿ, ಐವತ್ತು ವರ್ಷ ಕಳೆದರೆ ಆ ನಾಣ್ಯದ ಅಳತೆ ಯಾರಿಗೆ ನೆನಪಿರುತ್ತದೆ?

ಟಿಪ್ಪಣಿಯಲ್ಲಿ ಊರಿನ ಹೆಸರನ್ನು ಮನೆಯವರು ಹೇಳಿದಂತೆಯೇ ಬರೆದು, ಪಕ್ಕದಲ್ಲಿ ಇಂದಿನ ಹೆಸರು ಸೇರಿಸಿ. ಐಂತಾಬ್ ಅಥವಾ ಅಂತೆಪ್ 1921ರಲ್ಲಿ 'ಗಾಜಿ' ಬಿರುದು ಪಡೆದು ಮುಂದೆ ಗಾಜಿಯಂತೆಪ್ ಆಯಿತು, ಮರಾಶ್ 1973ರಲ್ಲಿ ಕಹ್ರಾಮಾನ್‌ಮರಾಶ್, ಉರ್ಫಾ 1984ರಲ್ಲಿ ಶಾನ್ಲಿಉರ್ಫಾ. ತುಂಡಿನ ಜೊತೆಗಿರುವ ಹಳೆಯ ಚೀಟಿಯಲ್ಲಿ ಯಾವ ರೂಪ ಇದೆ ಎಂಬುದರಿಂದ ಚೀಟಿ ಬರೆದ ಕಾಲವನ್ನು ಸ್ಥೂಲವಾಗಿ ಊಹಿಸಬಹುದು. ಆದರೆ ಎಚ್ಚರ: ಅರ್ಮೇನಿಯನ್ ಮನೆಗಳಲ್ಲಿ ಇವತ್ತಿಗೂ ಹಳೆಯ ಹೆಸರೇ ಬಳಕೆಯಲ್ಲಿದೆ. ಹೊಸ ಹೆಸರು ಇದ್ದರೆ ಚೀಟಿ ಆ ವರ್ಷದ ನಂತರದ್ದು ಎನ್ನಬಹುದು, ಹಳೆಯ ಹೆಸರು ಇದ್ದ ಮಾತ್ರಕ್ಕೆ ಹಳೆಯದು ಎನ್ನಲಾಗದು. ಇನ್ನೊಂದು ತಪ್ಪು, ಮರಾಶ್ ಹೆಣಿಗೆ ಕಂಡದ್ದೆಲ್ಲ ಮರಾಶ್‌ನಲ್ಲೇ ಆದದ್ದೆಂದು ಬರೆಯುವುದು. ಅದನ್ನು ಅಲೆಪ್ಪೊದಲ್ಲೋ ಬೈರೂತಿನಲ್ಲೋ ಹೊಲಿದಿರಬಹುದು. ಶೈಲಿಯ ಊರು ಬೇರೆ ಕಾಲಂ, ಹೊಲಿದ ಊರು ಬೇರೆ ಕಾಲಂ, ಗೊತ್ತಿಲ್ಲದಿದ್ದರೆ ಖಾಲಿ ಬಿಡುವುದು.

ಜೊತೆಗೆ ಅಳತೆ, ಬಟ್ಟೆಯ ಬಗೆ, ದಾರ ಎಷ್ಟು ಎಳೆಯ ಹುರಿ, ಅಡಿಯೆಳೆಗೂ ಹೆಣಿಗೆಗೂ ಒಂದೇ ದಾರವೇ ಬೇರೆಯೇ, ಯಾರು ಹೊಲಿದರು, ಯಾರಿಂದ ಯಾರಿಗೆ ಬಂತು ಎಂಬುದನ್ನೂ ಬರೆದಿಡಿ. ಹೊಲಿದವರು ಬದುಕಿದ್ದರೆ ಮುಖಕ್ಕಿಂತ ಕೈಯ ವಿಡಿಯೊ ಮುಖ್ಯ. ಕ್ಯಾಮೆರಾ ಅವರ ಭುಜದ ಹಿಂದಿನಿಂದ, ಅವರ ಕಣ್ಣಿಗೆ ಕಾಣುವಂತೆಯೇ ಇರಲಿ. ಎದುರಿನಿಂದ ತೆಗೆದರೆ ಎಡಬಲ ಅದಲುಬದಲಾಗಿ ನೋಡುವವರು ದಾಟುಗಳನ್ನು ತಪ್ಪು ಕಲಿಯುತ್ತಾರೆ. ಮಾತನಾಡಿಸಬೇಡಿ ಎಂದಲ್ಲ. ಆದರೆ ಹೊಲಿಯುವಾಗ ಕಥೆ ಕೇಳಿದರೆ ಎರಡೂ ಅರ್ಧಂಬರ್ಧ ಆಗುತ್ತವೆ.

ಇಡುವಾಗ ಮಡಚಬೇಡಿ. ಮಡಿಕೆಯ ಗೆರೆಯಲ್ಲೇ ಎಳೆ ತುಂಡಾಗುವುದು. ಹುಳಿಯಂಶವಿಲ್ಲದ ಟಿಶ್ಯೂ ಸುತ್ತಿದ ಕೊಳವೆಗೆ ಕಸೂತಿ ಹೊರಮುಖವಾಗಿ ಸುತ್ತಿ, ಒಗೆದ ಹಳೆಯ ಮಲ್ ಬಟ್ಟೆ ಹೊದಿಸಿ. ಪ್ಲಾಸ್ಟಿಕ್ ಚೀಲ ಬೇಡ, ತೇವ ಒಳಗೇ ನಿಂತು ಬೂಷ್ಟು ಹಿಡಿಯುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಒಂದೇ ತಿಂಗಳು ಸಾಕು. ನುಸಿಗುಳಿಗೆ ಬಟ್ಟೆಗೆ ತಾಗಬಾರದು. ಗೋಡೆಗೆ ತೂಗುಹಾಕುವ ಆಸೆಯಿದ್ದರೆ ಹೊಸ ನಕಲನ್ನು ಹಾಕಿ, ಹಳೆಯದು ಕತ್ತಲಲ್ಲಿರಲಿ.

ಕಲಿಸುವವರಿಗೆ

ಮುಗಿದ ಮಾದರಿ ತೋರಿಸಿ ಕಲಿಸಲು ಹೊರಟರೆ ಮಕ್ಕಳು ಹೆದರುತ್ತಾರೆ, ದೊಡ್ಡವರು ನಟಿಸುತ್ತಾರೆ. ಅದರ ಬದಲು ಒಂದೇ ಬಟ್ಟೆಯ ಮೇಲೆ ಎಂಟು ಚುಕ್ಕಿಯ ಗಂಟನ್ನು ಐದು ಸಲ ಹಾಕಿ: ಬರೀ ಚುಕ್ಕಿ, ಎರಡು ಎಳೆ ಹಾಕಿದ್ದು, ಅಡಿಯೆಳೆ ಪೂರ್ತಿ, ಎರಡು ಮೂಲೆ ಹೆಣೆದದ್ದು, ಮುಗಿದದ್ದು. ಪಟ್ಟಿಗೂ ಹೀಗೆಯೇ ಒಂದು. ಪೂರ್ತಿ ಮಾಡದೆ ಬಿಟ್ಟ ಈ ಹಂತದ ತುಂಡುಗಳು ಕಲಿಸುವವರು ಇಲ್ಲದ ಕಾಲಕ್ಕೂ ಪಾಠ ಹೇಳುತ್ತವೆ. ಹಳೆಯ ಕಾಲದವರು ಇಂಥವನ್ನು ಇನ್ನಷ್ಟು ಬಿಟ್ಟುಹೋಗಿದ್ದರೆ ಇಂದು ಹಿಂಬದಿಯ ಹೊಲಿಗೆ ಎಣಿಸುವ ಪಾಡು ಕಡಿಮೆಯಾಗುತ್ತಿತ್ತು. ತರಗತಿಗೆ ಹೊಲಿಗೆ ದಾರಕ್ಕಿಂತ ಮೊದಲು ರಟ್ಟಿಗೆ ಎಂಟು ತೂತು ಕೊರೆದು ಎರಡು ಬಣ್ಣದ ಶೂ ಲೇಸು ಕೊಟ್ಟರೆ, ಹದಿನಾರು ದಾಟು ಬೆರಳಿಗೆ ಕೂರುತ್ತದೆ.

ಹೆಸರಿನ ವಿಷಯದಲ್ಲಿ ಸಡಿಲ ಬೇಡ. ಕಚ್ ವರ್ಕ್ ಬ್ಲೌಸಿಗೆ 'ಅರ್ಮೇನಿಯನ್' ಎಂದು ಚೀಟಿ ಅಂಟಿಸಿ ಬೆಲೆ ಏರಿಸುವುದೂ ತಪ್ಪು, ಮರಾಶ್ ವಿನ್ಯಾಸ ನೋಡಿ ಹಾಕಿದ್ದನ್ನು ಬರೀ ಕಚ್ ವರ್ಕ್ ಎಂದು ಮಾರುವುದೂ ತಪ್ಪು. ಕಟ್ಟು ಒಂದೇ ಆದರೂ ಮರಾಶ್‌ಗೆ ತನ್ನದೇ ಬಣ್ಣ, ತನ್ನದೇ ವಿನ್ಯಾಸ, ತನ್ನದೇ ಊರಿದೆ. ಕಛ್‌ನ ಕೆಲಸದಲ್ಲಿ ಕನ್ನಡಿ ಕೂರುತ್ತದೆ, ಮರಾಶ್‌ನದರಲ್ಲಿ ಕೂರುವುದಿಲ್ಲ. ನೀವು ಹಾಕಿದ ತುಂಡಿನ ಹಿಂಬದಿಯ ಮೂಲೆಯಲ್ಲಿ ಪುಟ್ಟ ಹತ್ತಿ ಪಟ್ಟಿ ಹೊಲಿದು, ಅಳಿಯದ ಶಾಯಿಯಲ್ಲಿ ಹೆಸರು, ವರ್ಷ, ಊರು, 'ಮರಾಶ್ ಹೆಣಿಗೆ, ಹೊಸ ಕೆಲಸ' ಎಂದು ಬರೆಯಿರಿ. ಪಟ್ಟಿಯ ನಾಲ್ಕೂ ಬದಿಯನ್ನು ಹೊಲಿಯಬೇಡಿ. ಒಂದು ಬದಿ ಬಿಟ್ಟರೆ ಮುಂದೆ ಯಾರಾದರೂ ಅದನ್ನು ಎತ್ತಿ ಅಡಿಯ ಹೊಲಿಗೆಗಳನ್ನು ಎಣಿಸಬಹುದು.